ಐದು ಕಥೆಗಳಲ್ಲೂ ಮೀಟರಣ್ಣ

ನಮ್ಮ ಪಕ್ಕದ ಮನೆಯ ಮೀಟರಣ್ಣ ಹಿಂದಿ ಸಿನಿಮಾದಲ್ಲಿ ಪಾರ್ಟು ಮಾಡಿದ್ದು ಹೌದು. ಆದರೆ ಪಾರ್ಟು ಮಾಡುತ್ತಿದ್ದೇನೆ ಎಂಬುದು ಮಾಡುವಾಗ ಅವನಿಗೆ ಗೊತ್ತಿರಲಿಲ್ಲ, ಮಾಡಿಸಿಕೊಂಡವರಿಗೂ ಗೊತ್ತಿರಲಿಲ್ಲ. ಹೀಗಾಗಿ ಆಮೇಲೆ ನಡೆದದ್ದಕ್ಕೆಲ್ಲ ಯಾರನ್ನು ಹೊಣೆ ಮಾಡಬೇಕು ಎಂಬುದು ಇವತ್ತಿಗೂ ನಮ್ಮ ಬೀದಿಯಲ್ಲಿ ಇತ್ಯರ್ಥವಾಗಿಲ್ಲ. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯಾಚೆಯಿಂದ ಕೇಳಿಸಿದ್ದು, ಸಂಜೆ ಮೆಟ್ಟಿಲ ಮೇಲೆ ಕೂತು ಅವನೇ ಹೇಳಿದ್ದು, ನಾನು ಕಣ್ಣಾರೆ ಕಂಡದ್ದು ಎಲ್ಲ ಸೇರಿಸಿ ಹೇಳುತ್ತಿದ್ದೇನೆ. ನನ್ನ ಪಾಲಿನ ತಪ್ಪನ್ನೂ ಮುಚ್ಚಿಡುವುದಿಲ್ಲ.

ಅವನು ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವವನು. ಇಪ್ಪತ್ತಾರು ವರ್ಷದಿಂದ ಅದೇ ಹನ್ನೊಂದು ಬೀದಿ, ಅವೇ ಮನೆಗಳು. ಸಣಕಲು ಮೈ, ಖಾಕಿ ಅಂಗಿ, ಹೆಗಲಿಗೊಂದು ಬಟ್ಟೆಯ ಚೀಲ. ಚೀಲದಲ್ಲಿ ಉದ್ದನೆಯ ಟಾರ್ಚು, ಮೀಟರಿನ ಗಾಜು ಒರೆಸಲು ಒಂದು ಚಿಂದಿ, ದಪ್ಪ ರಟ್ಟಿನ ಒಂದು ಪುಸ್ತಕ. ಇಲಾಖೆ ಎಲ್ಲರ ಕೈಗೂ ಯಂತ್ರ ಕೊಟ್ಟಿತ್ತು. ಅವನ ಯಂತ್ರ ಮಾತ್ರ ಹನ್ನೆರಡು ಮನೆ ದಾಟುವಷ್ಟರಲ್ಲಿ ಸುಸ್ತಾಗಿ ಮಲಗುತ್ತಿತ್ತು; ರಿಪೇರಿಗೆಂದು ಹೋದದ್ದು ವಾಪಸು ಬಂದಿರಲಿಲ್ಲ. ಆದ್ದರಿಂದ ಅವನು ಹಳೆಯ ಕ್ರಮದಲ್ಲೇ ಕೆಲಸ ಸಾಗಿಸುತ್ತಿದ್ದ. ಟಾರ್ಚು ಎತ್ತಿ ಹಿಡಿಯುವುದು, ಕಣ್ಣು ಕಿರಿದು ಮಾಡುವುದು, ತುಟಿಯಲ್ಲೇ ಅಂಕಿ ಓದಿಕೊಳ್ಳುವುದು, ಪುಸ್ತಕದಲ್ಲಿ ಬರೆಯುವುದು, ಪುಸ್ತಕ ಮುಚ್ಚಿ ಒಂದು ನಿಟ್ಟುಸಿರು ಬಿಡುವುದು. ನಿಟ್ಟುಸಿರು ಸೊಂಟನೋವಿನದು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆ ನಿಟ್ಟುಸಿರಿಗೆ ಪತ್ರಿಕೆಗಳಲ್ಲಿ ಬೇರೆ ಬೇರೆ ಅರ್ಥಗಳು ಬಂದವು.

ಗುಡ್ಡದ ರಸ್ತೆಯ ಕೊನೆಯಲ್ಲಿ ಒಂದು ದೊಡ್ಡ ಮನೆಯಿದೆ. ಹಿಂದೆ ಐದು ಜನ ಅಣ್ಣತಮ್ಮಂದಿರು ಅದನ್ನು ಪಾಲು ಮಾಡಿಕೊಂಡು, ಒಬ್ಬೊಬ್ಬರೂ ಒಂದೊಂದು ಮೀಟರ್ ಹಾಕಿಸಿಕೊಂಡು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಾರದೆ ಐವರೂ ಬಿಟ್ಟುಹೋಗಿದ್ದರು. ಒಂಬತ್ತು ವರ್ಷದಿಂದ ಗೇಟಿಗೆ ಬೀಗ. ಮೀಟರಣ್ಣ ಪ್ರತಿ ತಿಂಗಳೂ ಅಲ್ಲಿಗೆ ಹತ್ತಿಹೋಗಿ, ಪುಸ್ತಕದಲ್ಲಿ ‘ಬಾಗಿಲು ಹಾಕಿದೆ’ ಎಂದು ಐದು ಸಲ ಬರೆದು ಇಳಿದುಬರುತ್ತಿದ್ದ. ಒಂದು ಬೆಳಗ್ಗೆ ಹೋಗಿ ನೋಡಿದರೆ ಗೇಟು ಪೂರ್ತಿ ತೆರೆದಿತ್ತು. ಒಳಗೆ ವ್ಯಾನುಗಳು, ಹೆಬ್ಬಾವಿನ ಗಾತ್ರದ ಕೇಬಲ್ಲುಗಳು, ಓಡಾಡುವ ಜನ. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಂಬತ್ತು ವರ್ಷದ ಮೇಲೆ ಐದು ಅಂಕಿ ಬರೆಯುವ ಯೋಗ.

ಅಲ್ಲಿ ನಡೆಯುತ್ತಿದ್ದದ್ದು ಒಂದು ಹಿಂದಿ ದೆವ್ವದ ಸಿನಿಮಾ. ಒಂದೇ ಸಿನಿಮಾದೊಳಗೆ ಐದು ಕಥೆ, ಐದು ಕಥೆಗೆ ಐದು ಜನ ನಿರ್ದೇಶಕರು. ಐವರಿಗೆ ಐದು ಮನೆ ಎಲ್ಲಿ ಹುಡುಕುವುದೆಂದು ನಿರ್ಮಾಪಕರು ಎಲ್ಲರನ್ನೂ ಇದೊಂದೇ ಮನೆಯೊಳಗೆ ಬಿಟ್ಟಿದ್ದರು. ಒಬ್ಬರು ಮೆಟ್ಟಿಲ ಕೆಳಗೆ, ಒಬ್ಬರು ಅಡುಗೆಮನೆಯಲ್ಲಿ, ಒಬ್ಬರು ಮಹಡಿಯ ಮೇಲೆ, ಒಬ್ಬರು ಬಚ್ಚಲುಮನೆಯಲ್ಲಿ, ಒಬ್ಬರು ಹಿತ್ತಲಿನ ಪಂಪ್‌ಶೆಡ್ಡಿನಲ್ಲಿ ತಮ್ಮ ತಮ್ಮ ದೆವ್ವವನ್ನು ಸಾಕಿಕೊಂಡಿದ್ದರು. ಐವರೂ ಒಬ್ಬರಿಗೊಬ್ಬರು ನಮಸ್ಕಾರದಷ್ಟೇ ನೆಂಟರು.

ಬಾಗಿಲಲ್ಲಿ ಕೈಯಲ್ಲಿ ವಾಕಿಟಾಕಿ ಹಿಡಿದ ಒಬ್ಬಳು ಹುಡುಗಿ ತಡೆದು ಹಿಂದಿಯಲ್ಲಿ ಏನೋ ಕೇಳಿದಳಂತೆ. ಮೀಟರಣ್ಣನಿಗೆ ಬರುತ್ತಿದ್ದ ಹಿಂದಿ ಎರಡೇ ಪದ, ‘ಠೀಕ್ ಹೈ’. ಅದನ್ನು ಹೇಳಿದ. ಅವಳು ಅವನ ಖಾಕಿ ಅಂಗಿ, ಚೀಲ, ಹಳೇ ಟಾರ್ಚು ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿ, ಉಡುಪಿನ ವಿಭಾಗದವರು ಚೆನ್ನಾಗಿ ಕೆಲಸ ಮಾಡಿದ್ದಾರೆ ಎಂದುಕೊಂಡಿರಬೇಕು. ಯಾವ ಕಥೆಯವರು ಎಂದು ಕೇಳಿದಳು. ಎಷ್ಟು ಮೀಟರ್ ಎಂದು ಕೇಳುತ್ತಿದ್ದಾಳೆಂದು ಇವನು ಐದು ಬೆರಳು ತೋರಿಸಿದ. ಅವಳು ಹಾಳೆಯ ಮೇಲೆ ಐದೂ ಕಥೆ ಎಂದು ಬರೆದುಕೊಂಡು, ಇನ್ನೊಂದು ಹಾಳೆ ಮುಂದೆ ಹಿಡಿದು ಸಹಿ ಕೇಳಿದಳು. ಇಪ್ಪತ್ತಾರು ವರ್ಷ ಮನೆಮನೆಗೆ ಹೋಗಿ ಬೇರೆಯವರ ಸಹಿ ಕೇಳಿದವನು ಅವನು. ಅವನ ಸಹಿಯನ್ನು ಯಾರೂ ಕೇಳಿರಲಿಲ್ಲ. ಏನು ಎತ್ತ ನೋಡದೆ ಹಾಕಿದ.

ಮೆಟ್ಟಿಲ ಕೆಳಗೆ ಬಿಳಿ ಬಟ್ಟೆಯ ಹೆಂಗಸೊಬ್ಬಳು ಮುಖದ ಮೇಲೆ ಕೂದಲು ಇಳಿಬಿಟ್ಟು ಕೂತಿದ್ದಳು. ಮೀಟರ್ ಅವಳ ತಲೆಯ ಮೇಲಿತ್ತು. ಸ್ವಲ್ಪ ಸರಿಯಮ್ಮ ಎಂದ. ಅವಳು ಸರಿಯಲಿಲ್ಲ. ಹುಷಾರಿಲ್ಲವೇನೋ ಎಂದು ಅವಳ ಮೇಲಿಂದಲೇ ಬಗ್ಗಿ, ಟಾರ್ಚು ಬಿಟ್ಟು, ಓದಿ, ಬರೆದು, ನಿಟ್ಟುಸಿರು ಬಿಟ್ಟು ಮುಂದಕ್ಕೆ ಹೋದ. ಕ್ಯಾಮೆರಾ ಓಡುತ್ತಲೇ ಇತ್ತು. ಮೆಟ್ಟಿಲಿನ ನಿರ್ದೇಶಕರು ಇವನಾರೆಂದು ಕೇಳಿದಾಗ, ವಾಕಿಟಾಕಿ ಹುಡುಗಿ ಪಟ್ಟಿ ನೋಡಿ ಐದೂ ಕಥೆಯಲ್ಲಿ ಇರುವವರು ಎಂದಳು. ಐದು ಕಥೆಗೂ ನಡುವೆ ಒಂದು ಎಳೆ ಇರಬೇಕೆಂದು ಮೊದಲ ಸಭೆಯಲ್ಲಿ ನಿರ್ಮಾಪಕರು ಹೇಳಿದ್ದು ಅವರಿಗೆ ನೆನಪಿತ್ತು. ಯಾವ ಎಳೆ ಎಂದು ತೀರ್ಮಾನವಾಗುವಾಗ ಅವರು ಮೊಬೈಲ್ ನೋಡುತ್ತಿದ್ದರು. ಕೇಳಿಸಿಕೊಂಡಿಲ್ಲ ಎಂದು ಈಗ ಹೇಳಿಕೊಳ್ಳುವುದು ಹೇಗೆ? ಬಹಳ ಚೆನ್ನಾಗಿದೆ ಎಂದುಬಿಟ್ಟರು. ಉಳಿದ ನಾಲ್ವರೂ ಆ ಸಭೆಯಲ್ಲಿ ಮೊಬೈಲನ್ನೇ ನೋಡುತ್ತಿದ್ದರು ಎಂಬುದು ಅವರಿಗೆ ತಿಳಿಯುವ ದಾರಿ ಇರಲಿಲ್ಲ.

ಅಡುಗೆಮನೆಯ ನಿರ್ದೇಶಕರೊಬ್ಬರು ಮಾತ್ರ, ಇನ್ನೊಂದು ಸಲ, ನಿಧಾನವಾಗಿ ಬರೆಯಿರಿ ಎಂದು ಕೈಸನ್ನೆಯಲ್ಲಿ ಕೇಳಿದರಂತೆ. ನಿಧಾನವಾಗಿ ಕೆಲಸ ಮಾಡು ಎಂದು ಯಾರಾದರೂ ಕೇಳಿದ್ದು ಅವನ ನೌಕರಿಯಲ್ಲೇ ಮೊದಲು. ಅವನಿಗೆ ಅವರ ಮೇಲೆ ಗೌರವ ಹುಟ್ಟಿತು. ಐದೂ ಮೀಟರ್ ಮುಗಿಸಿ, ಅವರು ಕೊಟ್ಟ ಊಟದ ಪೊಟ್ಟಣ ಉಂಡು, ಮಧ್ಯಾಹ್ನ ಮನೆಗೆ ಬಂದ.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದ್ದಕ್ಕೆ ಕಾರಣ ಅವನ ಭಾವಮೈದುನ. ಹೆಂಡತಿಯ ತಮ್ಮ, ಜೀವವಿಮೆ ಮಾಡಿಸುವ ಏಜೆಂಟು. ಈತ ಯಾರಿಗೆ ಪರಿಚಯ ಮಾಡಿಕೊಡುವಾಗಲೂ, ‘ನಮ್ಮ ಭಾವ, ಕರೆಂಟ್ ಆಫೀಸಲ್ಲಿ ಏನೋ ಮಾಡ್ತಾರೆ’ ಎನ್ನುತ್ತಿದ್ದ. ಆ ‘ಏನೋ’ ಮೀಟರಣ್ಣನಿಗೆ ಇಪ್ಪತ್ತು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಆ ಮಧ್ಯಾಹ್ನ ಭಾವಮೈದುನ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಮೀಟರಣ್ಣ ಚೀಲ ಗೋಡೆಗೆ ನೇತುಹಾಕಿ, ಯಾರಿಗೆ ಎಂದಲ್ಲದೆ ಹೇಳಿದ:

“ಇವತ್ತು ಹಿಂದಿ ಸಿನಿಮಾದಲ್ಲಿ ಕೆಲಸ ಇತ್ತು.”

ಭಾವಮೈದುನ ಕಾಲು ಒಳಕ್ಕೆ ಎಳೆದುಕೊಂಡ. “ಏನು ಕೆಲಸ ಭಾವ?”

“ಐದು ಕಥೆ, ಐದು ಜನ ಡೈರೆಕ್ಟರು. ಐದರಲ್ಲೂ ನಾನಿದೀನಿ.”

ಹೆಂಡತಿ ಒಳಗಿನಿಂದ ಊಟ ಆಯ್ತಾ ಎಂದು ಕೇಳಿದಳು. ಆ ಮನೆಯಲ್ಲಿ ಅವತ್ತು ಕೇಳಿದ ಪ್ರಶ್ನೆಗಳಲ್ಲಿ ಅದೊಂದೇ ಸರಿಯಾದದ್ದು.

ಸಂಜೆಯೊಳಗೆ ಬೀದಿಗೆಲ್ಲ ತಿಳಿಯಿತು. ಮೀಟರಣ್ಣ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಅದು ನಾಲ್ಕು ಬಾಯಿ ದಾಟುವಷ್ಟರಲ್ಲಿ ಅವನಿಗೆ ಐದು ವೇಷ ಬಂದವು. ಕ್ಷೌರದಂಗಡಿಯವರು ಅವನ ಮೀಸೆಯನ್ನು ಇನ್ನು ಮುಂದೆ ತಾವೊಬ್ಬರೇ ಮುಟ್ಟುವುದೆಂದು ಹೇಳಿಕೊಂಡರು. ಬಿಡಿಸಿ ಹೇಳೋಣವೆಂದರೆ, ಯಾರೂ ಬಿಡಿಸುವಂಥ ಪ್ರಶ್ನೆ ಕೇಳಲಿಲ್ಲ ಎಂದು ನನ್ನ ಹತ್ತಿರ ಆಮೇಲೆ ಹೇಳಿಕೊಂಡ. ಅದೂ ನಿಜವೇ. ನಾನಂತೂ ನಾಯಕಿ ನೋಡೋಕೆ ಹೇಗಿದಾಳೆ ಎಂದಷ್ಟೇ ಕೇಳಿದ್ದೆ.

ಒಂಬತ್ತು ತಿಂಗಳ ಮೇಲೆ ಸಿನಿಮಾ ಬಂತು. ಭಾವಮೈದುನ ಮುಂದೆ ನಿಂತು ಟಿಕೆಟ್ ಹಿಡಿದ; ಬೀದಿಯವರು ಇಪ್ಪತ್ತೇಳು ಜನ ಮ್ಯಾಟಿನಿಗೆ ಹೋಗಿ ಎರಡು ಸಾಲು ತುಂಬಿದೆವು. ನಾನು ಮೀಟರಣ್ಣನ ಪಕ್ಕದಲ್ಲೇ ಕೂತಿದ್ದೆ. ನಮ್ಮಿಬ್ಬರ ನಡುವೆ ಒಂದು ಪಾಪ್‌ಕಾರ್ನ್ ಪೊಟ್ಟಣ.

ಮೊದಲ ಕಥೆಯಲ್ಲಿ ಮೆಟ್ಟಿಲ ಕೆಳಗೆ ಬಿಳಿ ಬಟ್ಟೆಯವಳು ಕೂತಿದ್ದಾಗ ಹಿಂದಿನಿಂದ ಮೀಟರಣ್ಣ ಬಂದ. ನಾವೆಲ್ಲ ಚಪ್ಪಾಳೆ ಹೊಡೆದೆವು. ಅವನು ಟಾರ್ಚು ಎತ್ತಿದ, ತುಟಿ ಆಡಿಸಿದ, ಬರೆದ, ನಿಟ್ಟುಸಿರು ಬಿಟ್ಟ, ಹೋದ. ಸ್ವಲ್ಪ ಹೊತ್ತಿಗೆ ಆ ಮನೆಯ ಯಜಮಾನ ಮೆಟ್ಟಿಲಿಂದ ಉರುಳಿ ಸತ್ತ. ಎರಡನೇ ಕಥೆಯಲ್ಲಿ ಮೀಟರಣ್ಣ ಅಡುಗೆಮನೆಗೆ ಬಂದು ಬಹಳ ನಿಧಾನವಾಗಿ ಬರೆದುಕೊಂಡು ಹೋದ. ಅಡುಗೆಯವಳು ಬಹಳ ನಿಧಾನವಾಗಿ ಸತ್ತಳು. ಮೂರನೆಯದರಲ್ಲಿ ಮಹಡಿಯ ಕೊನೆಯಲ್ಲಿ ಅವನ ಟಾರ್ಚಿನ ಬೆಳಕು ಕಾಣಿಸಿದ್ದೇ ತಡ, ಥಿಯೇಟರಿನಲ್ಲಿ ಉಸಿರಾಟ ನಿಂತಿತು. ದೆವ್ವಗಳು ಬಂದಾಗ ಜನ ನಗುತ್ತಿದ್ದರು. ಇವನು ಚೀಲಕ್ಕೆ ಕೈ ಹಾಕಿದಾಗ ಅಕ್ಕಪಕ್ಕದವರ ಕೈ ಹಿಡಿದುಕೊಳ್ಳುತ್ತಿದ್ದರು. ಐದನೇ ಕಥೆಯ ಕೊನೆಗೆ ಪಂಪ್‌ಶೆಡ್ಡಿನಲ್ಲಿ ಅವನು ಪುಸ್ತಕ ಮುಚ್ಚಿದ. ಅಲ್ಲಿಗೇ ಸಿನಿಮಾ ಮುಗಿಯಿತು.

ದೀಪಗಳು ಹತ್ತಿಕೊಂಡಾಗ ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮೀಟರಣ್ಣ ಮುಜುಗರದಿಂದ ನಕ್ಕು ಪಾಪ್‌ಕಾರ್ನಿಗೆ ಕೈ ಚಾಚಿದ. ಪೊಟ್ಟಣವನ್ನು ಮೆಲ್ಲಗೆ ಇನ್ನೊಂದು ಕೈಗೆ ದಾಟಿಸಿದವನು ನಾನು.

ಮರುವಾರದ ಪತ್ರಿಕೆಗಳು ಸಿನಿಮಾವನ್ನು ಬಿಟ್ಟು ಅವನನ್ನೇ ಹಿಡಿದುಕೊಂಡವು. ಸಾವನ್ನು ಒಬ್ಬ ಸರಕಾರಿ ಗುಮಾಸ್ತನನ್ನಾಗಿ ತೋರಿಸಿರುವುದು ದೊಡ್ಡ ಸಾಧನೆ ಎಂದು ಒಂದು ಪತ್ರಿಕೆ ಬರೆಯಿತು. ಆ ನಿಟ್ಟುಸಿರಿನಲ್ಲಿ ಮನುಕುಲದ ಬಗೆಗಿನ ಕರುಣೆಯಿದೆ ಎಂದು ಇನ್ನೊಂದು. ಐದು ಜನ ನಿರ್ದೇಶಕರೂ ಐದು ಸಂದರ್ಶನಗಳಲ್ಲಿ ಅದು ತಮ್ಮದೇ ಕಲ್ಪನೆ ಎಂದು ಹೇಳಿದರು. ಬಚ್ಚಲುಮನೆಯವರು ಆ ಮುಖಕ್ಕಾಗಿ ಎರಡು ವರ್ಷ ಅಲೆದಿದ್ದರಂತೆ.

ಮುಂದಿನ ತಿಂಗಳು ಮೀಟರಣ್ಣ ಎಂದಿನಂತೆ ಚೀಲ ಹಾಕಿಕೊಂಡು ಹೊರಟ. ಮೊದಲ ಮನೆಯಾಕೆ ಕಿಟಕಿಯಲ್ಲಿ ಅವನನ್ನು ನೋಡಿ, ಮನೆಯಲ್ಲಿ ಯಾರೂ ಇಲ್ಲ ಎಂದು ತಾನೇ ಹೇಳಿದಳು. ಎರಡನೇ ಮನೆಯಾತ ಗೇಟಿನೊಳಗಿಂದಲೇ ಅಂಕಿ ಕೂಗಿ, ಬರೆದುಕೊಂಡು ಹೋಗಿ, ಒಳಗೆ ಮಾತ್ರ ನೋಡಬೇಡಿ ಎಂದ. ದರ್ಜಿಯೊಬ್ಬರು ಪೆನ್ಸಿಲಿನಲ್ಲಿ ಬರೆಯುವಂತೆ ಕೈಮುಗಿದು ಕೇಳಿಕೊಂಡರು. ಇನ್ನೊಂದು ಮನೆಯಲ್ಲಿ, ಮೀಟರ್ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ, ತೀರಿಕೊಂಡು ಹತ್ತು ವರ್ಷವಾದ ತಾತನ ಹೆಸರಿನಲ್ಲಿದೆ ಎಂದು ತಿಳಿದ ಮೇಲೆ ಕುಡಿಯಲು ನೀರು ಕೊಟ್ಟರು. ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಬ್ಬೊಬ್ಬ ಅಜ್ಜ ಇದ್ದರು. ಮೀಟರಣ್ಣ ಬರುವ ಹೊತ್ತಿಗೆ ಈ ಅಜ್ಜನನ್ನು ಆ ಮನೆಗೂ ಆ ಅಜ್ಜನನ್ನು ಈ ಮನೆಗೂ ಸಾಗಿಸಿದರು. ಹಾಗಾಗಿ ಅವನು ಎರಡೂ ಮನೆಗಳಲ್ಲಿ ಒಬ್ಬೊಬ್ಬ ಅಜ್ಜನನ್ನು ನೋಡಿದ. ಅಜ್ಜಂದಿರು ಎರಡು ದಿನ ಊಟ ಬಿಟ್ಟರು. ನಾನೂ ದೊಡ್ಡ ಮನುಷ್ಯನೇನಲ್ಲ. ಅವನು ನಮ್ಮ ಬಾಗಿಲು ತಟ್ಟಿದಾಗ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಅವನು ಹೋದನೆಂದು ಹೆಂಡತಿ ಕೂಗಿದ ಮೇಲೆ ಬಂದೆ. ಅವಳನ್ನು ಒಳಗೇ ಬಿಟ್ಟುಹೋದದ್ದಕ್ಕೆ ಅವಳು ನನ್ನ ಜತೆ ಮಾತು ಬಿಟ್ಟದ್ದು ಬೇರೆ ಕಥೆ.

ಇದರಿಂದ ಏಳಿಗೆಯಾದದ್ದು ಭಾವಮೈದುನನೊಬ್ಬನಿಗೆ. ಮೀಟರಣ್ಣನ ಹಿಂದೆ ಎರಡು ಮನೆ ಬಿಟ್ಟು ಅವನೂ ಚರ್ಮದ ಬ್ಯಾಗು ಹಿಡಿದು ನಡೆಯತೊಡಗಿದ. ಮೀಟರಣ್ಣ ಹೊರಬಿದ್ದ ಮನೆಗೆ ಅವನು ಹೊಕ್ಕರೆ ಮಾತೇ ಆಡಬೇಕಾಗಿರಲಿಲ್ಲ. ಅವರೇ ಪೆನ್ನು ಕೇಳುತ್ತಿದ್ದರು. ನಾಳೆ ಯಾವ ಬೀದಿ ಭಾವ ಎಂದು ಪ್ರತಿ ಸಂಜೆ ಬಂದು ಕೇಳುವನು. ನಿಟ್ಟುಸಿರು ಈಚೆಗೆ ಸ್ವಲ್ಪ ಕಮ್ಮಿಯಾಗಿದೆ, ನೋಡಿಕೊಳ್ಳಿ ಎಂದೂ ಒಂದು ಸಲ ಹೇಳಿದನಂತೆ.

ಅದೇ ದಿನಗಳಲ್ಲಿ ಮೀಟರಣ್ಣನ ಹೆಂಡತಿಗೆ ಜ್ವರ ಬಂತು. ಸಂಜೆ ಅವನು ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಒಂದು ಕೈಯಲ್ಲಿ ಅವಳ ಹಣೆಗೆ ಒದ್ದೆ ಬಟ್ಟೆ ಇಡುತ್ತ, ತೊಡೆಯ ಮೇಲೆ ಪುಸ್ತಕ ತೆರೆದು ದಿನದ ಅಂಕಿಗಳನ್ನು ತಿದ್ದುತ್ತಿದ್ದ. ಅವಳು ಆ ಪುಸ್ತಕವನ್ನೇ ನೋಡುತ್ತಿದ್ದಳಂತೆ. ಆಮೇಲೆ ಗೋಡೆ ಕಡೆ ತಿರುಗಿಕೊಂಡು ಹೇಳಿದಳು:

“ಆ ಪುಸ್ತಕ ಆಚೆ ಇಟ್ಟು ಬನ್ನಿ.”

ಅವನು ಎದ್ದು ಹೋಗಿ ಹೊರಗೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು ಬಂದ. ಬೀದಿಯವರೆಲ್ಲ ಬಾಗಿಲು ಹಾಕಿಕೊಂಡಾಗ ಆಗದಿದ್ದ ನೋವು ಅವನಿಗೆ ಅವತ್ತು ಆಯಿತೆಂದು ಕಾಣುತ್ತದೆ. ಮರುದಿನ ಮೆಟ್ಟಿಲ ಮೇಲೆ ಕೂತು ಇಷ್ಟನ್ನೂ ಹೇಳಿ, ಕೊನೆಗೆ, ಜ್ವರದಲ್ಲಿ ಹೇಳಿದ ಮಾತು ಎಂದು ಅವನೇ ನನಗೆ ಸಮಾಧಾನ ಹೇಳಿದ. ಮೂರು ದಿನಕ್ಕೆ ಜ್ವರ ಬಿಟ್ಟಿತು. ಅವಳೇ ಎದ್ದು ಹೋಗಿ ಪುಸ್ತಕವನ್ನು ಒಳಗೆ ತಂದು, ಧೂಳು ಒರೆಸಿ, ಚೀಲದಲ್ಲಿಟ್ಟಳು.

ಕಚೇರಿಯಲ್ಲಿ ದೂರುಗಳು ರಾಶಿಬಿದ್ದಿದ್ದವು. ‘ನಿಮ್ಮ ನೌಕರರು ನಮ್ಮ ತಾಯಿಯವರ ಕಡೆ ನೋಡಿ ನಂತರ ಬರೆದುಕೊಂಡರು’ ಎಂಬ ಬಗೆಯವು. ಸಾಹೇಬರು ಅವನನ್ನು ಕರೆಸಿದರು. ಅವರು ಇಂಥದ್ದನ್ನೆಲ್ಲ ನಂಬದ ಮನುಷ್ಯ. ಹಾಗೆಂದು ಅವರೇ ಮೊದಲಿಗೆ ಹೇಳಿ, ತಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು.

“ಆಕ್ಟ್ ಮಾಡೋಕೆ ಇಲಾಖೆ ಅನುಮತಿ ತಗೊಂಡಿದ್ರಾ?”

“ಆಕ್ಟ್ ಮಾಡ್ಲಿಲ್ಲ ಸಾರ್. ಮೀಟರ್ ಓದಿದೆ.”

“ಅಂದ್ರೆ ಡ್ಯೂಟಿ ಮೇಲಿದ್ರಿ.”

“ಹೌದು ಸಾರ್.”

“ಡ್ಯೂಟಿ ಮೇಲಿದ್ದಾಗ ಐದು ಜನ ಸತ್ತಿದಾರೆ. ಒಂದು ವರದೀನೂ ಕೊಟ್ಟಿಲ್ಲ ನೀವು.”

ಮೀಟರಣ್ಣ ಯೋಚನೆ ಮಾಡಿ ಹೇಳಿದ. “ಅವರು ಸತ್ತಿದ್ದು ನಾನು ಹೋದ್ಮೇಲೆ ಸಾರ್.”

ಸಾಹೇಬರು ಪೆನ್ನು ಕೆಳಗಿಟ್ಟರು. ಆಮೇಲೆ ತಮ್ಮ ತೀರ್ಮಾನ ಹೇಳಿದರು. ಮತ್ತೆ ಬೀಗ ಬಿದ್ದ ಗುಡ್ಡದ ಮನೆ ಬಿಟ್ಟು ಅವನ ಪಾಲಿಗೆ ನಾನೂರ ಹನ್ನೆರಡು ಮನೆಗಳಿವೆ. ಈ ತಿಂಗಳು ಮುಗಿಯುವುದರೊಳಗೆ ಪ್ರತಿಯೊಂದು ಮನೆಯೊಳಗೂ ಅವನೇ ಹೋಗಿ, ಅವನೇ ಓದಿ, ಮನೆಯವರ ಸಹಿ ತರಬೇಕು. ಗೇಟಿನಿಂದ ಕೂಗಿದ ಅಂಕಿ ನಡೆಯುವುದಿಲ್ಲ. ಒಂದು ಮನೆ ಬಿಟ್ಟರೂ ಉಗ್ರಾಣಕ್ಕೆ ವರ್ಗ. ನಿವೃತ್ತಿಗೆ ಉಳಿದಿರುವ ಮೂರು ವರ್ಷ ಅಲ್ಲಿ ಹಳೇ ತಂತಿಗಳ ಜತೆ ಇರಬಹುದು. ಆದೇಶ ಗುರುತು ಹಾಕಿಕೊಳ್ಳೋಣವೆಂದು ಮೀಟರಣ್ಣ ಚೀಲದಿಂದ ಪುಸ್ತಕ ತೆಗೆದ.

“ಬರ್ಕೋಬೇಡಿ,” ಎಂದರು ಸಾಹೇಬರು. “ನೆನಪಿಟ್ಕೊಳ್ಳಿ.”

ಅವನು ಮತ್ತೆ ಮೊದಲಿನಿಂದ ಸುತ್ತತೊಡಗಿದ. ಒಂದೊಂದು ಮನೆಗೆ ನಾಲ್ಕು ನಾಲ್ಕು ಸಲ. ಕೆಲವರು ಅವನು ಗೇಟಿನ ಹೊರಗೆ ಹೋಗಿ ಬರೆಯುವುದಾದರೆ ಒಳಗೆ ಬಿಟ್ಟರು. ಕೆಲವರು ಕಣ್ಣುಮುಚ್ಚಿ ಸಹಿ ಹಾಕಿದರು. ಆ ಸಹಿಗಳು ಗೆರೆ ಬಿಟ್ಟು ಪಕ್ಕದ ಮನೆಯ ಅಂಕಿಯ ಮೇಲೆ ಬಿದ್ದವು. ನಾನು ಈ ಸಲ ಮನೆಯಲ್ಲೇ ಇದ್ದು ಸಹಿ ಮಾಡಿದೆ. ನನ್ನ ಸಹಿಯೂ ಗೆರೆ ದಾಟಿದ್ದನ್ನು ಅವನು ನೋಡದವನಂತೆ ಚಿಂದಿ ಮಡಚುತ್ತಿದ್ದ. ತಿಂಗಳ ಕೊನೆಯ ದಿನದ ಹೊತ್ತಿಗೆ ನಾನೂರ ಹನ್ನೊಂದು ಮನೆ ಮುಗಿದು ಒಂದೇ ಒಂದು ಉಳಿಯಿತು.

ಅದು ಕೊನೆಯ ಬೀದಿಯ ನರ್ಸಮ್ಮನ ಮನೆ. ಸರಕಾರಿ ಆಸ್ಪತ್ರೆಯಲ್ಲಿ ನಲವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತಿಯಾದವರು, ಈಗ ಎಂಬತ್ತರ ಸುಮಾರು. ಹಾಸಿಗೆ ಹಿಡಿದಿದ್ದರು. ಡಾಕ್ಟರು ಹೆಚ್ಚು ದಿನ ಇಲ್ಲ ಎಂದಿದ್ದರು. ಆ ಮನೆಯ ಹಳೇ ವರಾಂಡಕ್ಕೆ ಗೋಡೆ ಕಟ್ಟಿಸಿ ಕೋಣೆ ಮಾಡಿಕೊಂಡಿದ್ದರಿಂದ ಮೀಟರ್ ಒಳಗೆ ಸೇರಿಕೊಂಡಿತ್ತು. ಸರಿಯಾಗಿ ನರ್ಸಮ್ಮನ ಮಂಚದ ಮೇಲೆ, ಅವರ ತಲೆದೆಸೆಗೆ.

ಮಗ ಔಷಧಿ ಅಂಗಡಿಯವನು, ಒಳ್ಳೆಯ ಮನುಷ್ಯ. ಮೂರು ಸಲವೂ ಬಾಗಿಲಿಗೆ ಅಡ್ಡ ನಿಂತು ಮೆತ್ತಗೆ ಹೇಳಿ ಕಳಿಸಿದ್ದ. ನಾಲ್ಕನೇ ಸಲ ಮೀಟರಣ್ಣ ಹೋದಾಗ ಅವನ ಹಿಂದೆ ಅರ್ಧ ಬೀದಿಯೇ ಬಂದು ಗೇಟಿನ ಹೊರಗೆ ನಿಂತಿತ್ತು. ನಾನೂ ಇದ್ದೆ. ಮಗ ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತ.

“ನಾನು ಇಂಥದ್ದೆಲ್ಲ ನಂಬೋನಲ್ಲ ಅಣ್ಣ. ಆದ್ರೆ ಅಮ್ಮನ ವಿಷಯದಲ್ಲಿ ನಂಬದೇ ಇರೋಕೆ ಧೈರ್ಯ ಇಲ್ಲ.”

ಮೀಟರಣ್ಣ ವಾದ ಮಾಡಲಿಲ್ಲ. ಸರಿ ಎಂದು ಚೀಲ ಹೆಗಲಿಗೇರಿಸಿ ತಿರುಗಿದ. ಉಗ್ರಾಣವೇ ಗಟ್ಟಿ ಎಂದು ನಾವೆಲ್ಲ ಅಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ನರ್ಸಮ್ಮನ ದನಿ ಬಂತು. ಸಣ್ಣ ದನಿ, ಆದರೆ ವಾರ್ಡಿನ ಈ ತುದಿಯಿಂದ ಆ ತುದಿಗೆ ಮುಟ್ಟಿ ಅಭ್ಯಾಸವಾದದ್ದು. ಅವರನ್ನು ಒಳಗೆ ಬಿಡು ಎಂದರು. ಮಗ ಕೈ ಇಳಿಸಿದ.

ಒಳಗೆ ನಡೆದದ್ದನ್ನು ಮೀಟರಣ್ಣ ನನಗೆ ಒಂದಲ್ಲ, ಹತ್ತು ಸಲ ಹೇಳಿದ್ದಾನೆ. ನರ್ಸಮ್ಮ ಆ ಸಿನಿಮಾವನ್ನು ಮಗನ ಮೊಬೈಲಿನಲ್ಲಿ ನೋಡಿದ್ದರಂತೆ. ದೆವ್ವಗಳೆಲ್ಲ ಕೈಲಾಗದವು, ಕೂದಲು ಬಾಚಿಕೊಳ್ಳೋಕೂ ಬರೋದಿಲ್ಲ, ಅಷ್ಟು ಜನರಲ್ಲಿ ತನ್ನ ಕೆಲಸ ತಾನು ಮಾಡಿಕೊಂಡು ಹೋದವನು ನೀನೊಬ್ಬನೇ ಎಂದರಂತೆ. ಅವನು ಮೊದಲು ಅಂಕಿ ನೋಡಿ ನೆನಪಿಟ್ಟುಕೊಂಡು ಹೊರಗೆ ಹೋಗಿ ಬರೆಯುತ್ತೇನೆ ಎಂದ. ಅದಕ್ಕೆ ಅವರು ಒಪ್ಪಲಿಲ್ಲ.

“ಇಲ್ಲೇ ಬರಿ. ನಲವತ್ತು ವರ್ಷ ನಾನೂ ಹಾಸಿಗೆ ಹಾಸಿಗೆಗೆ ಹೋಗಿ ಇಂಥದ್ದೇ ಪುಸ್ತಕದಲ್ಲಿ ಬರೆದೆ. ನಿನ್ನನ್ನ ನೋಡೋ ಹಾಗೇ ನನ್ನನ್ನೂ ನೋಡ್ತಿದ್ರು. ವಾಸಿಯಾಗಿ ನಡ್ಕೊಂಡು ಮನೆಗೆ ಹೋದವರನ್ನೂ ನಾನೇ ಬರೆದಿದ್ದೆ. ಅದು ಯಾರಿಗೂ ನೆನಪಿರಲ್ಲ.”

ಅವನು ಅವರ ಮೇಲಿಂದ ಬಗ್ಗಿ, ಟಾರ್ಚು ಬಿಟ್ಟು, ಓದಿ ಬರೆದ. ತಡೆದರೂ ನಿಟ್ಟುಸಿರು ಬಂದುಬಿಟ್ಟಿತು. ಬಾಗಿಲಲ್ಲಿ ನಿಂತ ಮಗ ಕಣ್ಣು ಮುಚ್ಚಿಕೊಂಡ.

“ಅದು ನನಗಾ?” ಎಂದು ನರ್ಸಮ್ಮ ಕೇಳಿದರು.

“ಇಲ್ಲಮ್ಮ. ಸೊಂಟಕ್ಕೆ.”

ಸೊಂಟ ಬಗ್ಗಿಸಬೇಡ, ಮಂಡಿ ಮಡಚು ಎಂದು ಅವರು ಹೇಳಿಕೊಟ್ಟರು. ಮಲಗಿದಲ್ಲೇ ಸಹಿ ಮಾಡಿದರು. ಮುಂದಿನ ಸಲ ಯಾವಾಗ ಬರುತ್ತೀ ಎಂದು ಕೇಳಿದರು. ಇನ್ನು ಮೇಲೆ ಈ ಬೀದಿಗೆ ಎಂಟನೇ ತಾರೀಕು ಎಂದ. ಹಾಗಾದರೆ ಅದನ್ನೂ ಬರೆ, ನಾನು ನೋಡಬೇಕು ಎಂದರು. ಅವನು ಅವರ ಸಹಿಯ ಮುಂದೆ ‘ಮುಂದಿನ ಭೇಟಿ ಎಂಟು’ ಎಂದು ಬರೆದು ಪುಸ್ತಕ ತಿರುಗಿಸಿ ತೋರಿಸಿದ. ಅವರು ಕನ್ನಡಕ ತರಿಸಿಕೊಂಡು ಓದಿ, ಸರಿಯಾಗಿದೆ ಎಂದರು.

ಮರುದಿನ ಬೆಳಗ್ಗೆ ಬೀದಿಯವರು ಒಬ್ಬೊಬ್ಬರಾಗಿ ಏನೋ ಒಂದು ನೆಪ ಮಾಡಿಕೊಂಡು ಔಷಧಿ ಅಂಗಡಿಗೆ ಹೋಗಿ ಬಂದರು. ಅಂಗಡಿ ತೆರೆದಿತ್ತು. ನರ್ಸಮ್ಮ ದಿಂಬಿಗೆ ಒರಗಿ ಕೂತು ಕಾಫಿ ಕೇಳಿದ್ದರು. ಎಂಟನೇ ತಾರೀಕಿನ ಹೊತ್ತಿಗೆ ಗೋಡೆ ಹಿಡಿದು ಬಾಗಿಲ ತನಕ ಬಂದು, ಹತ್ತು ನಿಮಿಷ ತಡವಾಗಿ ಬಂದನೆಂದು ಮೀಟರಣ್ಣನನ್ನು ಗದರಿಸಿದರು. ಡಾಕ್ಟರು ತಾವು ಬದಲಾಯಿಸಿಕೊಟ್ಟ ಔಷಧಿ ಹಿಡಿಯಿತು ಎಂದರು. ಡಾಕ್ಟರ ಮಾತು ಯಾರಿಗೆ ಬೇಕಿತ್ತು? ಮೀಟರಣ್ಣ ತಾರೀಕು ಬರೆದರೆ ಅಲ್ಲಿಯ ತನಕ ಚಿಂತೆಯಿಲ್ಲ ಎಂದು ಬೀದಿ ತೀರ್ಮಾನಿಸಿಬಿಟ್ಟಿತು.

ಆಮೇಲೆ ಅವನು ಪಟ್ಟ ಪಾಡು ಮೊದಲಿನದಕ್ಕಿಂತ ಹೆಚ್ಚು. ನಾನೂರ ಹನ್ನೆರಡು ಮನೆಗಳ ಬಾಗಿಲೂ ಬೆಳಗ್ಗೆಯೇ ತೆರೆದಿರುತ್ತಿದ್ದವು. ಬಚ್ಚಿಟ್ಟಿದ್ದ ಅಜ್ಜಂದಿರನ್ನು ಕುರ್ಚಿ ಸಮೇತ ಎತ್ತಿ ತಂದು ಮೀಟರಿನ ಕೆಳಗೆ ಕೂರಿಸುತ್ತಿದ್ದರು. ಪೆನ್ಸಿಲ್ ಕೇಳಿದ್ದ ದರ್ಜಿ ಅಳಿಸದ ಶಾಯಿಯ ಪೆನ್ನು ತಂದುಕೊಟ್ಟರು. ಅದು ಮೀಟರ್ ಓದುವ ತಾರೀಕು, ಬೇರೇನೂ ಅಲ್ಲ ಎಂದು ಅವನು ಪ್ರತಿ ಮನೆಯಲ್ಲೂ ಹೇಳಿದ. ಎಷ್ಟು ವಿನಯ ಎಂದು ಜನ ಮೆಚ್ಚಿಕೊಂಡರು. ಭಾವಮೈದುನನ ವ್ಯಾಪಾರ ಪೂರ್ತಿ ನೆಲಕಚ್ಚಿತು. ನಿಮ್ಮ ಭಾವ ಬರೆದುಕೊಟ್ಟಿದ್ದಾರೆ, ಪಾಲಿಸಿ ಯಾಕೆ ಎಂದು ಜನ ಅವನನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದರು. ಅವನು ಅಕ್ಕನ ಹತ್ತಿರ ಬಂದು, ಭಾವ ನನ್ನ ಹೊಟ್ಟೆ ಮೇಲೆ ಹೊಡೆದರು ಎಂದು ಅತ್ತದ್ದು ಗೋಡೆಯಾಚೆ ನನಗೆ ಚೆನ್ನಾಗಿ ಕೇಳಿಸಿತು.

ಸಾಹೇಬರು ಅವನ ಕಡತ ಮುಗಿಸಿ, ಉಗ್ರಾಣದ ಮಾತು ಬಿಟ್ಟರು. ಒಂದು ದಿನ ಕೋಣೆಯ ಬಾಗಿಲು ಮುಂದಕ್ಕೆ ತಳ್ಳಿ, ತಮ್ಮ ಮನೆ ಅವನ ಸುತ್ತಿನಲ್ಲಿ ಬರುವುದಿಲ್ಲ, ಆದರೂ ಒಂದು ಸಲ ಬಂದು ಹೋಗಲಾದೀತೇ ಎಂದು ಕೇಳಿದರು. ಬರೆಯುವುದಾದರೆ ಒಂದು ಐದು ವರ್ಷಕ್ಕೆ ಸೇರಿಸಿ ಬರೆದರೆ ಓಡಾಟ ತಪ್ಪುತ್ತದೆ ಎಂದರು. ಮೀಟರಣ್ಣ ಎದ್ದು ನಿಂತು ಉತ್ತರ ಕೊಟ್ಟ:

“ಇಲಾಖೆ ನಿಯಮ ಸಾರ್. ಮುಂದಿನ ತಿಂಗಳದ್ದು ಮಾತ್ರ.”

ಎಂಟನೇ ತಾರೀಕು ಮಾತ್ರ ಅವನು ಕಾದು ಹೋಗುತ್ತಿದ್ದ ದಿನ. ನರ್ಸಮ್ಮನ ಮನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಮಂಡಿ ಮಡಚಿ ಬಗ್ಗಿದನೋ ಇಲ್ಲವೋ ಎಂದು ಅವರು ನೋಡುತ್ತಿದ್ದರು. ಆಮೇಲೆ ಕಾಫಿ, ಅರ್ಧ ಗಂಟೆ ಮಾತು. ಅವರು ವಾರ್ಡಿನ ಕಥೆ ಹೇಳುತ್ತಿದ್ದರು. ಇವನು ಮೀಟರಿನ ಗಾಜಿನ ಹಿಂದೆ ಸಂಸಾರ ಹೂಡಿದ ಹಲ್ಲಿಗಳ ಕಥೆ ಹೇಳುತ್ತಿದ್ದ. ಕರೆಂಟ್ ಆಫೀಸಲ್ಲಿ ಏನು ಮಾಡುತ್ತಾನೆಂದು ಅವನನ್ನು ಪೂರ್ತಿ ಕೇಳಿ ತಿಳಿದುಕೊಂಡವರು ಅವರೊಬ್ಬರೇ ಎಂದು ಕಾಣುತ್ತದೆ. ಹೀಗೆ ಏಳು ತಿಂಗಳು.

ಎಂಟನೇ ತಿಂಗಳಲ್ಲಿ, ಮೂರನೇ ತಾರೀಕು ಬೆಳಗ್ಗೆ, ಕಾಫಿ ಲೋಟ ಕೈಗೆ ತೆಗೆದುಕೊಳ್ಳುತ್ತಿದ್ದಾಗಲೇ ನರ್ಸಮ್ಮ ಹೋಗಿಬಿಟ್ಟರು.

ಬೀದಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ನಾಲ್ಕೈದು ಜನ ನೇರ ಮೀಟರಣ್ಣನ ಮನೆಗೆ ಬಂದು, ಎಂಟು ಎಂದು ಬರೆದಿದ್ದಿರಲ್ಲ ಎಂದು ಕೇಳಿದರು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ನರ್ಸಮ್ಮನ ಮನೆಗೆ ಹೊರಟಿದ್ದ. ಕಣ್ಣು ಕೆಂಪಾಗಿದ್ದವು.

“ಅದು ಮೀಟರ್ ಓದೋ ತಾರೀಕು,” ಎಂದ.

ಏಳು ತಿಂಗಳಿಂದ ಹೇಳುತ್ತಿದ್ದ ಮಾತು ಅವತ್ತು ಮೊದಲ ಸಲ ಜನರ ಕಿವಿಗೆ ಬಿತ್ತು. ಮುಖ ಮುಖ ನೋಡಿಕೊಂಡು ವಾಪಸು ಹೋದರು. ನಾಲ್ಕು ದಿನದೊಳಗೆ ಎಲ್ಲವೂ ಹಿಂದಿನಂತಾಯಿತು. ಅವನು ಬಂದರೆ ಯಾರೂ ಕಿಟಕಿ ಮುಚ್ಚಲಿಲ್ಲ, ಯಾರೂ ಕುರ್ಚಿ ತರಲಿಲ್ಲ. ಕಾಲು ಒರೆಸಿಕೊಂಡು ಬಾ, ಈಗಷ್ಟೇ ನೆಲ ಸಾರಿಸಿದೆ ಎಂದು ಮೊದಲ ಮನೆಯಾಕೆ ಒಳಗಿನಿಂದ ಕೂಗಿದಳು. ಭಾವಮೈದುನನ ಬ್ಯಾಗು ಮತ್ತೆ ಓಡಾಡತೊಡಗಿತು.

ಎಂಟನೇ ತಾರೀಕು ಮೀಟರಣ್ಣ ಆ ಬೀದಿಗೆ ಹೋದ. ಮೊದಲು ಬೇರೆ ಮನೆಗಳನ್ನೆಲ್ಲ ಮುಗಿಸಿ, ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತು, ಒಳಗೆ ಕಾಲಿಟ್ಟ. ಅವನು ಕರೆಗಂಟೆ ಒತ್ತುವ ಮುಂಚೆಯೇ ಮಗ ಬಾಗಿಲು ತೆರೆದ, ಕಾಯುತ್ತಿದ್ದವನಂತೆ. ಮಂಚ ತೆಗೆಸಿಬಿಟ್ಟಿದ್ದರು. ಮೀಟರಿನ ಕೆಳಗೆ ಈಗ ನೇರವಾಗಿ ನಿಲ್ಲಬಹುದಾಗಿತ್ತು. ಅವನು ನಿಂತು ಓದಿದ. ಪುಸ್ತಕದ ಹಿಂದಿನ ಅಂಕಿ ನೋಡಿದ. ಮತ್ತೆ ಮೀಟರ್ ನೋಡಿದ. ಐದು ದಿನದ್ದು ಕಡಿಮೆಯಿರಬೇಕಿತ್ತು, ಇರಲಿಲ್ಲ. ಪ್ರತಿ ತಿಂಗಳು ಎಷ್ಟಿರುತ್ತಿತ್ತೋ ಅಷ್ಟೇ ಇತ್ತು.

ಆಗ ಅವನ ಗಮನಕ್ಕೆ ಬಂತು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೂಲೆಯ ಮೇಜಿನ ಮೇಲೆ ನರ್ಸಮ್ಮನ ದೀಪ ಹಾಡಹಗಲಲ್ಲೇ ಉರಿಯುತ್ತಿತ್ತು.

ಮಗ ನೆಲ ನೋಡುತ್ತ ಹೇಳಿದ. “ನೀವು ಎಂಟು ಅಂತ ಬರೆದಿದ್ರಲ್ಲ. ಅಮ್ಮ ಯಾರಿಗೂ ಮಾತು ಕೊಟ್ಟು ತಪ್ಪಿದವರಲ್ಲ. ಅದಕ್ಕೇ ಆರಿಸಿಲ್ಲ.”

ಮೀಟರಣ್ಣ ಮೇಜಿನ ಹತ್ತಿರ ಹೋಗಿ, ಆ ದೀಪದ ಬೆಳಕಿನಲ್ಲೇ ಪುಸ್ತಕ ಇಟ್ಟು, ಅಡುಗೆಮನೆಯ ನಿರ್ದೇಶಕರು ಕೇಳಿದ್ದಕ್ಕಿಂತಲೂ ನಿಧಾನವಾಗಿ ಅಂಕಿ ಬರೆದ. ಮಗ ಸಹಿ ಮಾಡಿದ.

“ಬರೆದಾಯ್ತಾ ಅಣ್ಣ?”

“ಆಯ್ತು.”

ಮಗ ಗೋಡೆಯ ಹತ್ತಿರ ಹೋಗಿ ಮೊದಲು ಫ್ಯಾನು ನಿಲ್ಲಿಸಿದ. ಅದು ಪೂರ್ತಿ ನಿಲ್ಲುವ ತನಕ ಇಬ್ಬರೂ ತಲೆಯೆತ್ತಿ ನೋಡುತ್ತ ನಿಂತಿದ್ದರಂತೆ. ಆಮೇಲೆ ದೀಪ ಆರಿಸಿದ.